ಸಾಕು ಮೊಲಕ್ಕೆ ಉಸಿರಾಟದ ಸೋಂಕು ತಗುಲಿದಾಗ ಮಾಡಬೇಕಾದ ಆರೈಕೆ

ಮೊಲಕ್ಕೆ ಬರುವ ಉಸಿರಾಟದ ಸೋಂಕನ್ನು ಸಾಮಾನ್ಯ ನೆಗಡಿಯೆಂದು ಬಗೆದು, ನಾಲ್ಕು ದಿನ ಕಾದು ನೋಡೋಣವೆಂದು ಸುಮ್ಮನಿರುವುದು ಅಪಾಯಕರ. ಅದಕ್ಕೆ ಕಾರಣ ಆ ಪ್ರಾಣಿಯ ದೇಹರಚನೆಯಲ್ಲೇ ಇದೆ. ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಅದರ ಶ್ವಾಸನಾಳದ ಮುಚ್ಚಳವು ಮೆದು ಅಂಗುಳಿನ ಮೇಲ್ಗಡೆ ಕೂತಿರುವುದರಿಂದ ಗಾಳಿ ಮೂಗಿನಿಂದ ನೇರವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ. ಮೂಗು ಕಟ್ಟಿದ ರಾತ್ರಿ ನಾವು ಬಾಯಿಂದ ಉಸಿರಾಡಿಕೊಂಡು ಹೇಗೋ ಮಲಗುತ್ತೇವೆ. ಮೊಲಕ್ಕೆ ಆ ಅನುಕೂಲವಿಲ್ಲ. ಮೊಲವೊಂದು ಬಾಯಿ ತೆರೆದು ಉಸಿರೆಳೆಯುತ್ತಿದೆ ಎಂದರೆ ಅದು ಕೊನೆಯ ದಾರಿ ಹಿಡಿದಿದೆ ಎಂದೇ ತಿಳಿಯಬೇಕು.

ಎರಡನೆಯ ಕಾರಣ ಹೊಟ್ಟೆಗೆ ಸಂಬಂಧಿಸಿದ್ದು. ಮೂಗು ಕಟ್ಟಿದ ಮೊಲಕ್ಕೆ ವಾಸನೆ ತಿಳಿಯುವುದಿಲ್ಲ, ವಾಸನೆ ತಿಳಿಯದ ಆಹಾರವನ್ನು ಅದು ಮುಟ್ಟುವುದೂ ಇಲ್ಲ. ಜಗಿಯುವಾಗ ಉಸಿರಾಡುವುದೇ ಕಷ್ಟವಾದರೆ ತಿನ್ನುವ ಗೋಜಿಗೇ ಹೋಗುವುದಿಲ್ಲ. ಮೊಲದ ಕರುಳು ಸದಾ ನಾರಿನಿಂದ ತುಂಬಿ ಚಲಿಸುತ್ತಿರಬೇಕು. ಹನ್ನೆರಡು ಗಂಟೆ ಏನನ್ನೂ ತಿನ್ನದಿದ್ದರೆ ಕರುಳಿನ ಚಲನೆ ಕುಂದಿ, ಗ್ಯಾಸ್ ತುಂಬಿ, ಆ ನೋವಿನಿಂದ ಅದು ಇನ್ನಷ್ಟು ಆಹಾರ ಬಿಟ್ಟು, ಮೂಲ ಸೋಂಕಿಗಿಂತ ಮೊದಲು ಈ ತೊಂದರೆಯೇ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ಔಷಧವನ್ನು ನಿರ್ಧರಿಸುವ ಕೆಲಸ ಪಶುವೈದ್ಯರದಾದರೆ, ಮೂಗಿನ ದಾರಿಯನ್ನು ತೆರೆದಿಡುವುದು ಮತ್ತು ಹೊಟ್ಟೆ ನಿಲ್ಲದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಈ ಎರಡು ಕೆಲಸಗಳು ಸರಿಯಾಗಿ ನಡೆಯದಿದ್ದರೆ ಎಷ್ಟು ಒಳ್ಳೆಯ ಔಷಧ ಕೊಟ್ಟರೂ ಪ್ರಯೋಜನ ಕಡಿಮೆ.

ಗುರುತಿಸುವುದು ಹೇಗೆ

ಮೊಲ ತನ್ನ ಕಾಯಿಲೆಯನ್ನು ಮರೆಮಾಚುತ್ತದೆ. ಬೇಟೆಗೆ ಗುರಿಯಾಗುವ ಪ್ರಾಣಿಗೆ ನಿತ್ರಾಣವನ್ನು ತೋರಿಸಿಕೊಳ್ಳುವುದು ಸಾವಿಗೆ ಆಹ್ವಾನವಿತ್ತಂತೆ. ಮನೆಯಲ್ಲಿ ಬೆಳೆದ ಮೊಲದಲ್ಲೂ ಆ ಸ್ವಭಾವ ಉಳಿದಿದೆ. ಹುಲ್ಲಿನ ಧೂಳಿಗೋ ನೀರು ಮೂಗಿಗೆ ತಾಗಿದ್ದಕ್ಕೋ ಒಂದೆರಡು ಸಲ ಸೀನಿದರೆ ಗಾಬರಿ ಬೇಡ. ಸೀನು ಮತ್ತೆ ಮತ್ತೆ ಬರುತ್ತಿದ್ದರೆ, ಮೂಗಿನ ಹೊಳ್ಳೆಗಳ ಸುತ್ತ ತೇವವಿದ್ದರೆ, ಮೊದಲು ನೀರಾಗಿದ್ದ ಸಿಂಬಳ ಬಿಳಿ ಅಥವಾ ಹಳದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ, ಕಣ್ಣಲ್ಲಿ ನೀರು ಅಥವಾ ಗೀಜು ಕಟ್ಟುತ್ತಿದ್ದರೆ ಸೋಂಕಿನ ಅನುಮಾನ ಬರಬೇಕು. ಇಲ್ಲಿ ಮುಖಕ್ಕಿಂತ ಹೆಚ್ಚು ನಂಬಬಹುದಾದ ಸಾಕ್ಷಿ ಮುಂಗಾಲುಗಳ ಒಳಬದಿ. ಮೊಲ ಸೋರುವ ಮೂಗನ್ನು ಮುಂಗಾಲಿನಿಂದಲೇ ಒರೆಸಿಕೊಳ್ಳುವುದರಿಂದ, ನೀವು ನೋಡುವ ಹೊತ್ತಿಗೆ ಮೂಗು ಸ್ವಚ್ಛವಾಗಿದ್ದರೂ ಕಾಲಿನ ಒಳಭಾಗದ ರೋಮ ಅಂಟಂಟಾಗಿ, ಒಣಗಿದ ಮೇಲೆ ಗಂಟುಗಟ್ಟಿ, ಬೆರಳಿಗೆ ಒರಟಾಗಿ ಸಿಗುತ್ತದೆ. ದಿನಕ್ಕೊಮ್ಮೆ ಆ ಜಾಗವನ್ನು ಸವರಿ ನೋಡುವ ಅಭ್ಯಾಸವಿದ್ದವರಿಗೆ ಕಾಯಿಲೆ ಬೇಗ ಕೈಗೆ ಸಿಕ್ಕುತ್ತದೆ.

ಉಸಿರನ್ನು ಎಣಿಸಲು ಕಲಿಯಿರಿ. ಮೊಲ ಆರಾಮವಾಗಿ ಮಲಗಿರುವಾಗ, ಕೈಯಿಂದ ಮುಟ್ಟದೆ, ದೂರದಿಂದ ಅದರ ಪಕ್ಕೆಯ ಏರಿಳಿತವನ್ನು ನೋಡಿ ಒಂದು ನಿಮಿಷ ಎಣಿಸಬೇಕು. ವಿಶ್ರಾಂತಿಯಲ್ಲಿರುವ ಮೊಲ ನಿಮಿಷಕ್ಕೆ ಸುಮಾರು 30ರಿಂದ 60 ಸಲ ಉಸಿರಾಡುತ್ತದೆ. ಬಿಸಿಲ ಧಗೆಗೂ ಭಯಕ್ಕೂ ಈ ಸಂಖ್ಯೆ ಏರುತ್ತದೆಯಾದ್ದರಿಂದ, ಮೊಲ ಆರೋಗ್ಯವಾಗಿರುವ ದಿನಗಳಲ್ಲೇ ಎಣಿಸಿ ಬರೆದಿಟ್ಟುಕೊಂಡರೆ ಹೋಲಿಸಲು ಆಧಾರ ಸಿಗುತ್ತದೆ. ಸಂಖ್ಯೆಯಷ್ಟೇ ಮುಖ್ಯವಾದದ್ದು ಉಸಿರಾಟದ ರೀತಿ: ಸೊರಸೊರ ಸದ್ದು, ಪ್ರತಿ ಉಸಿರಿಗೂ ಹೊಟ್ಟೆ ಒತ್ತಿ ಎಳೆಯುವಂತಿರುವುದು, ಕುತ್ತಿಗೆ ಚಾಚಿ ಮೂಗನ್ನು ಮೇಲಕ್ಕೆತ್ತಿ ಕೂರುವುದು. ತುಟಿ ಅಥವಾ ನಾಲಗೆ ನೀಲಿಗಟ್ಟಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಕಿವಿಗಳು ತಣ್ಣಗಾಗಿ ಮೊಲ ಅಲುಗಾಡದೆ ಕೂತಿದ್ದರೆ ಅದು ತುರ್ತು ಸ್ಥಿತಿ. ರಾತ್ರಿಯಾದರೂ ಸರಿ, ಆಮ್ಲಜನಕ ಕೊಡುವ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು.

ಮೂಗಿನ ಒಂದೇ ಹೊಳ್ಳೆ ಸೋರುತ್ತಿದ್ದರೆ ಅಥವಾ ಒಂದೇ ಕಣ್ಣಲ್ಲಿ ನೀರು ಬರುತ್ತಿದ್ದರೆ ಬೇರೆ ಸಾಧ್ಯತೆಗಳನ್ನೂ ಯೋಚಿಸಬೇಕಾಗುತ್ತದೆ. ಹುಲ್ಲಿನ ಎಸಳೊಂದು ಮೂಗಿನೊಳಗೆ ಸಿಕ್ಕಿಕೊಂಡಿರಬಹುದು. ಮೊಲದ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ, ಮೇಲ್ದವಡೆಯ ಹಲ್ಲುಗಳ ಬೇರು ಕಣ್ಣೀರಿನ ನಾಳದ ಪಕ್ಕದಲ್ಲೇ ಹಾದುಹೋಗುತ್ತದೆ. ಬೇರು ಉದ್ದವಾಗಿ ನಾಳವನ್ನು ಒತ್ತಿದರೂ ಇದೇ ಲಕ್ಷಣ ಕಾಣುತ್ತದೆ. ತಲೆ ಒಂದು ಕಡೆಗೆ ವಾಲಿದ್ದರೆ ಸೋಂಕು ಮೂಗಿನಿಂದ ನಡುಗಿವಿಗೆ ಹಬ್ಬಿರುವ ಸಂಭವವಿದೆ. ಇವನ್ನೆಲ್ಲ ಮನೆಯಲ್ಲಿ ಕೂತು ಬಿಡಿಸಲಾಗದು.

ವೈದ್ಯರ ಬಳಿ

ಈ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಬ್ಯಾಕ್ಟೀರಿಯಾ ಪಾಶ್ಚರೆಲ್ಲಾ ಮಲ್ಟೋಸಿಡಾ. ಲೂಯಿ ಪಾಶ್ಚರ್ ಅವರ ಹೆಸರನ್ನೇ ಹೊತ್ತಿರುವ ಜೀವಿಕುಲಕ್ಕೆ ಇದು ಸೇರುತ್ತದೆ. ಬೋರ್ಡೆಟೆಲ್ಲಾ, ಸ್ಟ್ಯಾಫಿಲೊಕಾಕಸ್, ಸ್ಯೂಡೋಮೊನಾಸ್ ಕೂಡ ಕಾರಣವಾಗಬಹುದು. ಪಾಶ್ಚರೆಲ್ಲಾ ಎಷ್ಟೋ ಆರೋಗ್ಯವಂತ ಮೊಲಗಳ ಮೂಗಿನಲ್ಲಿ ಸದ್ದಿಲ್ಲದೆ ವಾಸವಾಗಿರುತ್ತದೆ. ಮನೆ ಬದಲಾಯಿಸುವುದು, ದೂರದ ಪ್ರಯಾಣ, ಧೂಳು, ಇಕ್ಕಟ್ಟಾದ ಪಂಜರ, ಜೊತೆಗಾರನ ಸಾವು ಮುಂತಾದ ಕಾರಣಗಳಿಂದ ಮೈಯ ತಡೆಶಕ್ತಿ ಕುಗ್ಗಿದಾಗ ಅದು ಕಾಯಿಲೆಯಾಗಿ ಹೊರಬೀಳುತ್ತದೆ. ಅಂಗಡಿಯಿಂದ ಹೊಸದಾಗಿ ತಂದ ಮರಿಗಳಲ್ಲಿ ಇದು ಪದೇ ಪದೇ ಕಾಣುವುದಕ್ಕೆ ಕಾರಣವೂ ಇದೇ.

ನಮ್ಮಲ್ಲಿ ಬಹುತೇಕ ಚಿಕಿತ್ಸಾಲಯಗಳು ನಾಯಿ, ಬೆಕ್ಕು, ದನಕರುಗಳನ್ನೇ ಹೆಚ್ಚು ನೋಡುವುದರಿಂದ, ಹೋಗುವ ಮೊದಲು ಫೋನ್ ಮಾಡಿ ಅಲ್ಲಿ ಮೊಲಗಳಿಗೆ ಚಿಕಿತ್ಸೆ ಕೊಡುತ್ತಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಸಮೀಪದಲ್ಲಿರುವವರು ಅಲ್ಲಿಯೂ ವಿಚಾರಿಸಬಹುದು. ಬೇಸಿಗೆಯಾದರೆ ಬೆಳಗಿನ ತಂಪಿನಲ್ಲಿ ಹೊರಡಿ. ಮುಚ್ಚಿದ, ಗಾಳಿಯಾಡುವ ಬುಟ್ಟಿಯಲ್ಲಿ ಅದರದೇ ವಾಸನೆಯ ಬಟ್ಟೆ ಹಾಸಿ, ಒಂದು ಹಿಡಿ ಹುಲ್ಲು ಇಟ್ಟು ಒಯ್ಯಿರಿ. ಆಸ್ಪತ್ರೆಗೆ ಹೋಗುವುದೆಂದು ಮೊಲವನ್ನು ಉಪವಾಸ ಕೆಡವಬಾರದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲವಾದ್ದರಿಂದ, ಅರಿವಳಿಕೆಗೆ ಮುಂಚೆ ನಾಯಿಯನ್ನು ಉಪವಾಸವಿಡುವ ಹಾಗೆ ಇದನ್ನು ಗಂಟೆಗಟ್ಟಲೆ ಇಡುವ ಅಗತ್ಯವಿಲ್ಲ.

ವೈದ್ಯರು ಮೂಗಿನ ಸ್ರಾವದ ಮಾದರಿ ತೆಗೆದು ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಪರೀಕ್ಷೆಗೆ ಕಳುಹಿಸಬಹುದು. ಹಲ್ಲಿನ ಬೇರು ಮತ್ತು ಶ್ವಾಸಕೋಶ ನೋಡಲು ಎಕ್ಸ್‌ರೇ ಹೇಳಬಹುದು. ಒಮ್ಮೆ ಔಷಧ ಕೊಟ್ಟು ವಾಸಿಯಾಗಿ, ಮತ್ತೆ ಮರುಕಳಿಸಿದ ಮೊಲಕ್ಕೆ ಈ ಪರೀಕ್ಷೆಗಳನ್ನು ಮಾಡಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂದಾಜಿನ ಮೇಲೆ ಒಂದಾದ ಮೇಲೊಂದು ಆ್ಯಂಟಿಬಯೋಟಿಕ್ ಬದಲಿಸುತ್ತ ಹೋದರೆ ಬ್ಯಾಕ್ಟೀರಿಯಾ ಬಲಿಯುತ್ತದೆ, ಮೊಲ ಸೊರಗುತ್ತದೆ.

ಔಷಧದ ವಿಷಯದಲ್ಲಿ ತಪ್ಪಬಾರದ ಎಚ್ಚರ

ಮನೆಯಲ್ಲಿ ಮಕ್ಕಳ ಕೆಮ್ಮಿಗೋ ಗಂಟಲು ನೋವಿಗೋ ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ ಇರುತ್ತದೆ. ಅದರಿಂದ ನಾಲ್ಕು ಹನಿಯನ್ನೂ ಮೊಲದ ಬಾಯಿಗೆ ಹಾಕಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಸೇರಿದಂತೆ ಪೆನಿಸಿಲಿನ್ ಗುಂಪಿನ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ, ಹಾಗೆಯೇ ಕ್ಲಿಂಡಾಮೈಸಿನ್ ಮತ್ತು ಲಿಂಕೊಮೈಸಿನ್ ಕೊಟ್ಟರೆ, ಮೊಲದ ಕರುಳಿನಲ್ಲಿ ನಾರನ್ನು ಅರಗಿಸಿಕೊಡುವ ಒಳ್ಳೆಯ ಜೀವಾಣುಗಳು ನಾಶವಾಗಿ, ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಬೆಳೆದು ವಿಷ ಉಗುಳುತ್ತದೆ. ನೀರಿನಂಥ ಭೇದಿ ಕಾಣಿಸಿಕೊಂಡು ಮೊಲ ಸಾಯಬಹುದು. ವೈದ್ಯರು ಕೆಲವೊಮ್ಮೆ ಪೆನಿಸಿಲಿನ್ ಅನ್ನು ಚರ್ಮದ ಕೆಳಗೆ ಚುಚ್ಚುಮದ್ದಾಗಿ ಕೊಡುತ್ತಾರೆ. ಆ ದಾರಿಯಲ್ಲಿ ಕೊಟ್ಟಾಗ ಈ ಅಪಾಯ ಬಹಳ ಕಡಿಮೆಯಾದ್ದರಿಂದ ಅದನ್ನು ಕಂಡು ಹೆದರಬೇಕಿಲ್ಲ. ಬಾಯಿಗೆ ಕೊಡಲು ಸಾಮಾನ್ಯವಾಗಿ ಎನ್ರೋಫ್ಲಾಕ್ಸಾಸಿನ್, ಟ್ರೈಮೆಥೋಪ್ರಿಮ್-ಸಲ್ಫಾ, ಅಜಿತ್ರೋಮೈಸಿನ್‌ಗಳಂಥವನ್ನು ಬರೆಯುತ್ತಾರೆ. ಪ್ರಮಾಣವನ್ನು ಮೊಲದ ತೂಕದ ಮೇಲೆ ವೈದ್ಯರೇ ನಿರ್ಧರಿಸಬೇಕು. ಸ್ಟೀರಾಯ್ಡ್ ಮದ್ದಿನಿಂದಲೂ ಮೊಲದ ರೋಗನಿರೋಧಕ ಶಕ್ತಿ ಬೇಗ ಕುಸಿಯುತ್ತದೆಯಾದ್ದರಿಂದ, ಯಾರಾದರೂ ಅದನ್ನು ಸೂಚಿಸಿದರೆ ಏಕೆ ಬೇಕೆಂದು ಕೇಳಿ ತಿಳಿದುಕೊಳ್ಳಿ.

ಔಷಧವನ್ನು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಕೊಡಬೇಕಾಗುತ್ತದೆ. ಐದಾರು ದಿನಗಳಲ್ಲಿ ಸೀನು ನಿಂತಿತೆಂದು ನಿಲ್ಲಿಸಿಬಿಡುವುದು ಮರುಕಳಿಕೆಗೆ ದಾರಿ. ಕುಡಿಯುವ ನೀರಿಗೆ ಬೆರೆಸಬೇಡಿ. ಕಹಿಯಾದರೆ ಮೊಲ ನೀರನ್ನೇ ಬಿಡುತ್ತದೆ, ಎಷ್ಟು ಒಳಗೆ ಹೋಯಿತೆಂದೂ ತಿಳಿಯುವುದಿಲ್ಲ. ಸೂಜಿ ತೆಗೆದ ಸಿರಿಂಜಿನಲ್ಲಿ ನೇರವಾಗಿ ಬಾಯಿಗೆ ಕೊಡುವುದೇ ಸರಿ.

ವಿಕ್ಸ್, ಅಮೃತಾಂಜನ, ನೀಲಗಿರಿ ಎಣ್ಣೆ, ಕರ್ಪೂರ, ಕಷಾಯ ಇವು ಯಾವುವೂ ಬೇಡ. ಮನುಷ್ಯರಿಗೆ ಹಿತವೆನಿಸುವ ಆ ಘಾಟು ಮೊಲದ ಸೂಕ್ಷ್ಮವಾದ ಮೂಗಿನ ಪೊರೆಯನ್ನು ಇನ್ನಷ್ಟು ಕೆರಳಿಸುತ್ತದೆ.

ಮೂಗನ್ನು ತೆರೆದಿಡುವುದು

ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅಥವಾ ಸಲೈನ್‌ನಲ್ಲಿ ಹತ್ತಿಯನ್ನು ಅದ್ದಿ, ಹಿಂಡಿ, ಹೊಳ್ಳೆಯ ಹೊರಗೆ ಒಣಗಿ ಅಂಟಿದ ಸಿಂಬಳದ ಮೇಲೆ ಅರ್ಧ ನಿಮಿಷ ಮೆಲ್ಲಗೆ ಒತ್ತಿಡಿ. ಹೆಪ್ಪುಗಟ್ಟಿದ್ದು ನೆನೆದು ಮೆತ್ತಗಾದ ಮೇಲೆ ಒರೆಸಿದರೆ ಚರ್ಮ ಕೀಳದೆ ಬರುತ್ತದೆ. ಕಿವಿ ಒರೆಸುವ ಬಡ್ಸ್ ಅನ್ನು ಹೊಳ್ಳೆಯ ಒಳಗೆ ತೂರಿಸಬಾರದು. ಪ್ರತಿ ಸಲ ಆಹಾರ ಕೊಡುವ ಮುಂಚೆ ಇದನ್ನು ಮಾಡಬೇಕು. ಮೂಗು ಬಿಟ್ಟುಕೊಂಡ ಕೂಡಲೇ ಕೊತ್ತಂಬರಿ ಸೊಪ್ಪಿನತ್ತ ಮುಖ ಚಾಚುವ ಮೊಲಗಳನ್ನು ಕಂಡವರಿಗೆ ಈ ಕ್ರಮದ ಬೆಲೆ ಗೊತ್ತು. ಮುಂಗಾಲುಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸಿ. ಸ್ನಾನ ಮಾಡಿಸಬೇಡಿ.

ವೈದ್ಯರು ಒಪ್ಪಿದರೆ ನೆಬ್ಯುಲೈಜರ್ ಬಳಸುವುದು ಬಹಳ ಉಪಯುಕ್ತ. ಉಬ್ಬಸವಿರುವವರ ಮನೆಗಳಲ್ಲಿ ಇರುವ ಅದೇ ಯಂತ್ರ ಸಾಕು, ಔಷಧದ ಬಟ್ಟಲು ಮತ್ತು ನಳಿಕೆ ಮಾತ್ರ ಮೊಲಕ್ಕೇ ಪ್ರತ್ಯೇಕವಾಗಿರಬೇಕು. ಮೊಲವನ್ನು ಅದರ ಬುಟ್ಟಿಯಲ್ಲಿ ಕೂರಿಸಿ, ಮೇಲೆ ತೆಳುವಾದ ಟವೆಲ್ ಹೊದಿಸಿ, ಗಾಳಿಯಾಡಲು ಒಂದು ಬದಿ ತೆರೆದಿಟ್ಟು, 0.9 ಶೇಕಡಾ ಸಲೈನ್‌ನ ಮಂಜನ್ನು ಹತ್ತರಿಂದ ಹದಿನೈದು ನಿಮಿಷ ಒಳಗೆ ಬಿಡಬೇಕು. ದಿನಕ್ಕೆ ಎರಡು ಮೂರು ಸಲ ಮಾಡಬಹುದು. ಯಂತ್ರದ ಸದ್ದಿಗೆ ಮೊದಲ ದಿನ ಅದು ಹಿಂಗಾಲು ಬಡಿದು ಪ್ರತಿಭಟಿಸಬಹುದು. ಯಂತ್ರವನ್ನು ಮಡಚಿದ ಕಂಬಳಿಯ ಮೇಲಿಟ್ಟು ದೂರದಿಂದ ನಳಿಕೆ ಎಳೆದುಕೊಂಡರೆ ಅದುರುವ ಸದ್ದು ತಗ್ಗುತ್ತದೆ. ಮಂಜು ಹಾಯ್ದ ಮೇಲೆ ಗಟ್ಟಿ ಸಿಂಬಳ ಸಡಿಲಗೊಂಡು ಜೋರಾಗಿ ಸೀನು ಬರುವುದು ಸಹಜ, ಒಳ್ಳೆಯದೇ. ಉಸಿರಾಟ ಹೆಚ್ಚು ಕಷ್ಟವಾದಂತೆ ಕಂಡರೆ ಕೂಡಲೇ ನಿಲ್ಲಿಸಿ. ಕುದಿಯುವ ನೀರಿನ ಹಬೆಯನ್ನು ಇದಕ್ಕೆ ಬದಲಿಯಾಗಿ ಬಳಸಬಾರದು. ಮೊಲ ಸೆಕೆಯನ್ನು ತಾಳಿಕೊಳ್ಳಲಾರದು, ಸುಟ್ಟ ಗಾಯದ ಅಪಾಯವೂ ಇದೆ.

ಹೊಟ್ಟೆ ನಡೆಸುವುದು

ಕಾಯಿಲೆಯ ದಿನಗಳಲ್ಲಿ ಅಡುಗೆಮನೆಯ ತಕ್ಕಡಿ ಮತ್ತು ಒಂದು ನೋಟ್‌ಬುಕ್ ನಿಮ್ಮ ಕೈಯಲ್ಲಿರಬೇಕು. ಪ್ರತಿದಿನ ಒಂದೇ ಹೊತ್ತಿಗೆ ತೂಕ ನೋಡಿ, ಎಷ್ಟು ತಿಂದಿತು, ಹಿಕ್ಕೆ ಹೇಗಿತ್ತು ಎಂಬುದನ್ನು ಬರೆಯಿರಿ. ಆರೋಗ್ಯವಂತ ಮೊಲದ ಹಿಕ್ಕೆ ಕಡಲೆಕಾಳಿನಷ್ಟು ದಪ್ಪ, ದುಂಡು, ಮುರಿದರೆ ಒಳಗೆ ಹುಲ್ಲಿನ ನಾರು ಕಾಣುತ್ತದೆ. ಅದು ಸಣ್ಣದಾಗುತ್ತ, ಕಪ್ಪಾಗುತ್ತ, ಕಡಿಮೆಯಾಗುತ್ತ ಬಂದರೆ ಕರುಳು ನಿಧಾನಿಸುತ್ತಿದೆ ಎಂದರ್ಥ. ಹಿಕ್ಕೆ ಪೂರ್ತಿ ನಿಂತಿದ್ದರೆ ನಾಳೆಯವರೆಗೆ ಕಾಯದೆ ವೈದ್ಯರನ್ನು ಸಂಪರ್ಕಿಸಿ.

ಮೊದಲು ತಾನಾಗಿ ತಿನ್ನುವಂತೆ ಮಾಡಲು ಪ್ರಯತ್ನಿಸಬೇಕು. ಘಮಘಮಿಸುವ ಕೊತ್ತಂಬರಿ, ಪುದೀನ, ಆಗತಾನೆ ಕಿತ್ತು ತೊಳೆದ ಗರಿಕೆ ಹುಲ್ಲು, ನೀರು ಚಿಮುಕಿಸಿದ ಒಣಹುಲ್ಲು ಇವನ್ನು ಮೂಗಿನ ಹತ್ತಿರವೇ ಇಡಿ. ನೀರನ್ನು ತಲೆಕೆಳಗಾದ ಬಾಟಲಿಯ ಬದಲು ಭಾರವಾದ ಬಟ್ಟಲಿನಲ್ಲಿ ಕೊಡಿ; ಮೂಗು ಕಟ್ಟಿದ ಮೊಲಕ್ಕೆ ಬಾಟಲಿಯ ತುದಿ ನೆಕ್ಕುವುದು ಶ್ರಮ. ಅಷ್ಟಾದರೂ ತಿನ್ನದಿದ್ದರೆ ಸಿರಿಂಜಿನಿಂದ ಉಣಿಸಬೇಕಾಗುತ್ತದೆ. ಮೊಲಗಳಿಗೆಂದೇ ಬರುವ ಪಥ್ಯದ ಪುಡಿ ಸಿಕ್ಕರೆ ಅದನ್ನು, ಸಿಗದಿದ್ದರೆ ಅದು ದಿನವೂ ತಿನ್ನುವ ಹುಲ್ಲಿನ ಪೆಲೆಟ್‌ಗಳನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ನುಣ್ಣಗೆ ಕಿವುಚಿ, ತೆಳು ಗಂಜಿಯ ಹದಕ್ಕೆ ತರಬಹುದು. ಹಾಲು, ಮೊಸರು, ಅನ್ನ, ಬಿಸ್ಕತ್ತು ಸಲ್ಲದು. ಏನೂ ತಿನ್ನದಿರುವ ಮೊಲಕ್ಕೆ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 50 ಮಿ.ಲೀ.ನಂತೆ, ಅದನ್ನು ನಾಲ್ಕೈದು ಹೊತ್ತಿಗೆ ಹಂಚಿ ಕೊಡುವುದು ರೂಢಿ. ಅದರ ಸ್ಥಿತಿ ನೋಡಿ ವೈದ್ಯರು ಇದನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಮಾತ್ರ ವೈದ್ಯರು ನೋಡುವವರೆಗೆ ಬಲವಂತವಾಗಿ ಏನನ್ನೂ ಉಣಿಸಬೇಡಿ.

ಉಣಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಅವಸರ ಮಾಡಿದರೆ ಆಹಾರ ಶ್ವಾಸನಾಳಕ್ಕೆ ಇಳಿದು, ಮೊದಲೇ ಬಳಲಿದ ಶ್ವಾಸಕೋಶಕ್ಕೆ ನ್ಯುಮೋನಿಯಾ ತರಬಹುದು. ಮೊಲವನ್ನು ಜಾರದ ನೆಲದ ಮೇಲೆ ನಾಲ್ಕೂ ಕಾಲಿನ ಮೇಲೆಯೇ ಕೂರಿಸಿ, ಟವೆಲ್ಲಿನಿಂದ ಮೈ ಸುತ್ತಿ, ಎದೆ ಬಿಗಿಯಾಗದಂತೆ ನೋಡಿಕೊಳ್ಳಿ. ಬೆನ್ನ ಮೇಲೆ ಮಲಗಿಸಬೇಡಿ; ಹಾಗೆ ಮಲಗಿಸಿದಾಗ ಅದು ಶಾಂತವಾದಂತೆ ತೋರುವುದು ಭಯದಿಂದ, ಉಸಿರಾಟವೂ ಆಗ ಕಷ್ಟವಾಗುತ್ತದೆ. ಬಾಚಿಹಲ್ಲುಗಳ ಹಿಂದೆ, ದವಡೆ ಹಲ್ಲು ಶುರುವಾಗುವ ಮುಂಚೆ ಹಲ್ಲಿಲ್ಲದ ಖಾಲಿ ಜಾಗವೊಂದಿದೆ. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ ಅಲ್ಲಿಗೆ ಜಾರಿಸಿ, ಅರ್ಧ ಮಿ.ಲೀ.ನಿಂದ ಒಂದು ಮಿ.ಲೀ. ಮಾತ್ರ ಬಿಟ್ಟು, ಅದು ಜಗಿದು ನುಂಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂದಿನದನ್ನು ಕೊಡಿ. ನಡುವೆ ಸೀನಿದರೆ ನಿಲ್ಲಿಸಿ ಕಾಯಿರಿ. ಉಸಿರಿಗೆ ತೀರ ಒದ್ದಾಡುತ್ತಿರುವ ಮೊಲಕ್ಕೆ ಮನೆಯಲ್ಲಿ ಉಣಿಸಲು ಹೋಗದೆ ಆಸ್ಪತ್ರೆಗೆ ಒಯ್ಯುವುದೇ ಕ್ಷೇಮ.

ಗಾಳಿ, ಹಾಸು, ಹವೆ

ಮೊಲದ ಮೂತ್ರದಿಂದ ಏಳುವ ಅಮೋನಿಯಾ ಮೂಗಿನೊಳಗಿನ ಪೊರೆಯನ್ನು ಸುಟ್ಟು ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದುಕೊಡುತ್ತದೆ. ನಿಂತಿರುವ ನಮಗೆ ನಾತ ಬಡಿಯುವ ಹೊತ್ತಿಗೆ, ಹಾಸಿನ ಮೇಲೆಯೇ ಮೂಗಿಟ್ಟು ಮಲಗುವ ಮೊಲ ಅದನ್ನು ಎಷ್ಟೋ ಪಾಲು ಹೆಚ್ಚು ಸೇವಿಸಿರುತ್ತದೆ. ಆದ್ದರಿಂದ ಮೂತ್ರದ ತಟ್ಟೆಯನ್ನು ಕಾಯಿಲೆಯ ದಿನಗಳಲ್ಲಿ ದಿನಕ್ಕೆರಡು ಸಲ ಬದಲಾಯಿಸಿ, ಬಿಳಿ ವಿನೆಗರ್ ಬೆರೆಸಿದ ನೀರಿನಿಂದ ತೊಳೆದು ಒಣಗಿಸಿ. ಫಿನಾಯಿಲ್ ಬಳಸಬೇಡಿ. ಮರದ ಹೊಟ್ಟು, ಅದರಲ್ಲೂ ಪೈನ್ ಮತ್ತು ದೇವದಾರು ಜಾತಿಯ ಮರದ ಹೊಟ್ಟು ಬೇಡ. ಹಳೆಯ ಪತ್ರಿಕೆಯ ಹಾಳೆ ಮತ್ತು ಹತ್ತಿಬಟ್ಟೆ ಸಾಕು. ಒಣಹುಲ್ಲನ್ನು ಮನೆಯ ಹೊರಗೆ ಕೊಡವಿ ಧೂಳು ಉದುರಿಸಿ ತನ್ನಿ, ಬೂಷ್ಟು ಹಿಡಿದದ್ದನ್ನು ಎಸೆಯಿರಿ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಹುಲ್ಲು ಎರಡೇ ವಾರದಲ್ಲಿ ಬೂಷ್ಟು ಹಿಡಿಯುವುದುಂಟು, ಅಲ್ಲಿಯವರು ಸ್ವಲ್ಪ ಸ್ವಲ್ಪವೇ ಕೊಳ್ಳುವುದು ಲೇಸು.

ಊದುಬತ್ತಿ, ಧೂಪ, ಸೊಳ್ಳೆ ಬತ್ತಿ, ಸಿಗರೇಟು, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಇವುಗಳಿಂದ ದೂರದ ಕೋಣೆಯಲ್ಲಿ ಮೊಲವನ್ನಿಡಿ. ದೀಪಾವಳಿಯ ಮೂರು ದಿನ ಹೊಗೆ ಮತ್ತು ಸದ್ದು ಎರಡೂ ಕೂಡುವುದರಿಂದ, ಚೇತರಿಸಿಕೊಳ್ಳುತ್ತಿರುವ ಮೊಲವನ್ನು ಸಾಧ್ಯವಾದಷ್ಟು ಒಳಗಿನ ಕೋಣೆಗೆ ಸಾಗಿಸಿ ಕಿಟಕಿ ಮುಚ್ಚಿಡಬೇಕು. ಉಳಿದ ದಿನಗಳಲ್ಲಿ ಗಾಳಿ ಆಡುತ್ತಿರಬೇಕು, ನೇರವಾಗಿ ಮೈಗೆ ಬೀಸಬಾರದು. ಕೋಣೆಯ ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊಲಕ್ಕೆ ಹಿಂಸೆ ಶುರುವಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೀರನ್ನು ಹೆಪ್ಪುಗಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡುವುದು ಅನಿವಾರ್ಯ. ಇದಕ್ಕೆ ವಿರುದ್ಧವಾಗಿ, ತೀರ ನಿತ್ರಾಣಗೊಂಡ ಮೊಲದ ಮೈ 38 ಡಿಗ್ರಿಗಿಂತ ತಣ್ಣಗಾಗಿದ್ದರೆ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒತ್ತಾಗಿರಿಸಿಕೊಂಡು ಆಸ್ಪತ್ರೆಗೆ ಒಯ್ಯಬೇಕು.

ಮನೆಯ ಇತರ ಪ್ರಾಣಿಗಳು

ಸೀನಿನ ಹನಿಗಳಿಂದ, ಬಟ್ಟಲುಗಳಿಂದ, ನಮ್ಮ ಕೈಗಳಿಂದ ಸೋಂಕು ಒಂದು ಮೊಲದಿಂದ ಇನ್ನೊಂದಕ್ಕೆ ಹರಡುತ್ತದೆ. ಆರೋಗ್ಯವಾಗಿರುವ ಮೊಲವನ್ನು ಮೊದಲು ನೋಡಿಕೊಂಡು, ಕೊನೆಗೆ ಕಾಯಿಲೆಯದನ್ನು ಮುಟ್ಟಿ, ಸೋಪಿನಿಂದ ಕೈ ತೊಳೆಯಿರಿ. ಬಿಟ್ಟಿರಲಾರದ ಜೋಡಿಯಾಗಿದ್ದರೆ ಬೇರ್ಪಡಿಸುವುದೇ ಸರಿಯೆಂದು ನಾನು ಹೇಳಲಾರೆ; ಜೊತೆಗಿದ್ದದ್ದು ಈಗಾಗಲೇ ಸೋಂಕಿಗೆ ಒಡ್ಡಿಕೊಂಡಿರುತ್ತದೆ, ಅಗಲಿಕೆಯ ಕೊರಗು ಎರಡನ್ನೂ ಕುಗ್ಗಿಸುತ್ತದೆ. ವೈದ್ಯರೊಡನೆ ಮಾತಾಡಿ ತೀರ್ಮಾನಿಸಿ. ಗಿನಿಯಿಲಿಗಳನ್ನು ಮಾತ್ರ ಖಂಡಿತ ದೂರವಿಡಬೇಕು, ಮೊಲಕ್ಕೆ ಹೆಚ್ಚು ತೊಂದರೆ ಕೊಡದೆ ಇರುವ ಬೋರ್ಡೆಟೆಲ್ಲಾ ಅವುಗಳಿಗೆ ಮಾರಕ ನ್ಯುಮೋನಿಯಾ ತರಬಲ್ಲದು. ಮನೆಯಲ್ಲಿ ರೋಗನಿರೋಧಕ ಶಕ್ತಿ ಕುಂದಿದವರಿದ್ದರೆ ಆರೈಕೆಯ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಲಿ. ಕಚ್ಚಿದ, ಪರಚಿದ ಗಾಯವನ್ನು ಯಾರೇ ಆದರೂ ಸೋಪು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು.

ಚಿಕಿತ್ಸೆ ಮುಗಿದ ಮೇಲೂ ಕೆಲವು ಮೊಲಗಳಲ್ಲಿ ಮೂಗಿನೊಳಗಿನ ಸೂಕ್ಷ್ಮ ಎಲುಬುಗಳು ಹಾನಿಗೊಂಡು ಸಣ್ಣದಾಗಿ ಸೊರಸೊರ ಸದ್ದು ಉಳಿದುಬಿಡುತ್ತದೆ. ಚೆನ್ನಾಗಿ ತಿನ್ನುತ್ತ, ತೂಕ ಉಳಿಸಿಕೊಂಡು, ಓಡಾಡುತ್ತಿರುವ ಮೊಲ ಈ ಸದ್ದಿನೊಂದಿಗೇ ವರ್ಷಗಟ್ಟಲೆ ಬದುಕಬಲ್ಲದು. ಅಂಥ ಮೊಲವನ್ನು ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿ ಹಲ್ಲುಗಳನ್ನು ಪರೀಕ್ಷಿಸಿಸಿ. ಮನೆಗೆ ಹೊಸ ಮೊಲ ತರುವುದಾದರೆ ಕನಿಷ್ಠ ಎರಡರಿಂದ ನಾಲ್ಕು ವಾರ ಬೇರೆ ಕೋಣೆಯಲ್ಲಿಟ್ಟು, ಅದರ ಮುಂಗಾಲುಗಳ ಒಳಬದಿಯನ್ನು ದಿನವೂ ನೋಡಿದ ನಂತರವೇ ಎರಡನ್ನೂ ಒಟ್ಟಿಗೆ ಬಿಡಿ.